ಬರಾಸಾ ಬರೆದ ಅಂಕಿ

ಲುಥುಲಿ ಬೀದಿಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಚಾರ್ಜರ್ ಮಾರುವ ಗಿಚೂಕಿಯ ಮಗ್ಗುಲಿಗೆ, ಒಂದು ಮೇಜು ಮತ್ತೊಂದು ಸ್ಟೂಲು ಹಿಡಿಯುವಷ್ಟು ಜಾಗ ಬರಾಸಾನದು. ನೈರೋಬಿಯಲ್ಲಿ ಕಂಪ್ಯೂಟರಿನ ಚಿತ್ರ ಓಡಿಸುವ ಅಗ್ಗದ ಗ್ರಾಫಿಕ್ಸ್ ಕಾರ್ಡು ಕೊಳ್ಳುವವರು ಅಂಗಡಿಯಲ್ಲಿ ಚೌಕಾಸಿ ಮುಗಿಸಿ, ದುಡ್ಡು ಕೈಬಿಡುವ ಮೊದಲು ಅವನಲ್ಲಿಗೆ ಬರುತ್ತಿದ್ದರು. ಡಬ್ಬದ ಮೇಲಿನ ಬರಹವನ್ನು ಅವನು ಓದುತ್ತಲೇ ಇರಲಿಲ್ಲ. ಹೆಸರು ಒಂದೇ, ಚಿತ್ರ ಒಂದೇ, ಒಳಗೆ ಒಂದರಲ್ಲಿ ಹಳೆಯ ಡಿಡಿಆರ್3 ಮೆಮೊರಿ, ಇನ್ನೊಂದರಲ್ಲಿ ಅದರ ಮೂರರಷ್ಟು ಚುರುಕಾದ ಜಿಡಿಡಿಆರ್5. ಅವನು ಫ್ಯಾನು ಬಿಚ್ಚಿ, ಗಡಿಯಾರ ರಿಪೇರಿಯವರ ಮಸೂರವನ್ನು ಕಣ್ಣಿಗೆ ಒತ್ತಿ, ಮೆಮೊರಿ ಚಿಪ್ಪಿನ ಮೇಲಿನ ಇರುವೆಗಾತ್ರದ ಅಕ್ಷರ ಓದಿ ತೀರ್ಪು ಹೇಳುತ್ತಿದ್ದ. ಬುಂಗೋಮಾದಲ್ಲಿ ಅಪ್ಪನ ಜೊತೆ ರೇಡಿಯೋ ರಿಪೇರಿ ಮಾಡುವಾಗ ಹತ್ತಿದ ಚಾಳಿ ಅದು.

ಬಂದವರದು ಯಾವಾಗಲೂ ಒಂದೇ ತಕರಾರು.

"ಇದ್ರಲ್ಲಿ ನಾಲ್ಕು ಜಿಬಿ ಐತಲ್ಲಾ, ಫುಂಡಿ. ಅದ್ರಲ್ಲಿ ಬರೀ ಎರಡು."

ಕೈಕೆಲಸ ಬಲ್ಲವನನ್ನು ಅಲ್ಲಿ ಫುಂಡಿ ಎನ್ನುತ್ತಾರೆ. ಫುಂಡಿ ತಲೆಯೆತ್ತದೆ ಹೇಳುತ್ತಿದ್ದ: "ಹಂಡೆ ದೊಡ್ಡದಿದ್ರೆ ಏನ್ ಬಂತಪ್ಪಾ? ಚಮಚದಲ್ಲಿ ಬಡಿಸಿದ್ರೆ ಪಂಕ್ತಿ ಕೊನೇಲಿ ಕೂತೋನು ಉಪವಾಸ."

ಇಷ್ಟೇ ಆಗಿದ್ದರೆ ಅವನಿಗೆ ಅಷ್ಟು ಹೆಸರು ಬರುತ್ತಿರಲಿಲ್ಲ. ಆರಿಸಿದ ಕಾರ್ಡನ್ನು ಅವನು ಕಾರ್ಖಾನೆಯವರು ಗೊತ್ತುಮಾಡಿದ ವೇಗಕ್ಕಿಂತ ಮೇಲಕ್ಕೆ, ಹತ್ತು ಹತ್ತು ಮೆಗಾಹರ್ಟ್ಸ್ ಆಗಿ ಏರಿಸುತ್ತಿದ್ದ. ಪರದೆಯ ಮೇಲೆ ಬಣ್ಣದ ಚುಕ್ಕಿ ಮಿನುಗಿದರೆ ಮೆಮೊರಿ ಸುಸ್ತಾಯಿತೆಂದು ಅರ್ಥ. ಅಲ್ಲಿಂದ ಇಪ್ಪತ್ತು ಇಳಿಸಿ, ಆ ಅಂಕಿಯನ್ನು ಕಾರ್ಡಿನ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಬರೆದು ರುಜು ಹಾಕುತ್ತಿದ್ದ. ಕಾರ್ಖಾನೆಯದು ಸಾವಿರದ ಐನೂರಾದರೆ ಇವನದು ಸಾವಿರದ ಆರುನೂರೈವತ್ತು, ಒಮ್ಮೊಮ್ಮೆ ಏಳುನೂರು. "ಕಾರ್ಖಾನೆಯೋರು ಪುಕ್ಕಲರು" ಎಂಬುದು ಅವನ ಖಾಯಂ ಮಾತು. ಒಂಬತ್ತು ವರ್ಷದಲ್ಲಿ ಅವನು ರುಜು ಹಾಕಿದ ಒಂದು ಕಾರ್ಡೂ ವಾಪಸು ಬಂದಿರಲಿಲ್ಲ. ಅದರ ಬಗ್ಗೆ ಅವನಿಗೆ ಜಂಬವಿತ್ತು, ಅದನ್ನು ಮುಚ್ಚಿಡುವಷ್ಟು ನಯ ಇರಲಿಲ್ಲ.

ವಾಪಸು ಬಂದ ಮೊದಲ ಕಾರ್ಡು ಮೊಂಬಾಸಾದ ಬೀ ಸ್ವಾಬ್ರಾ ಅವರದು. ಅಲ್ಲಿ ಹಿರಿಯ ಹೆಂಗಸನ್ನು ಗೌರವದಿಂದ ಬೀ ಎನ್ನುತ್ತಾರೆ. ಅಲ್ಲಿನ ಮುಸ್ಲಿಮರ ಮದುವೆಯಲ್ಲಿ ಹೆಂಗಸರದೇ ಆದ ಒಂದು ರಾತ್ರಿ ಇರುತ್ತದೆ. ವಧುವನ್ನು ಸಿಂಗರಿಸಿ ಕೂರಿಸುತ್ತಾರೆ, ಬಂದವರು ಬುರ್ಖಾ ಕಳಚಿ ಕುಣಿಯುತ್ತಾರೆ. ಅದನ್ನು ವಿಡಿಯೋ ತೆಗೆಯುವವರೂ ಹೆಂಗಸರೇ, ಕತ್ತರಿಸಿ ಜೋಡಿಸುವವರೂ ಹೆಂಗಸರೇ. ಗಂಡಸಿನ ಕಣ್ಣು ಬೀಳಕೂಡದು. ಹಳೇಪೇಟೆಯಲ್ಲಿ ಆ ಜೋಡಿಸುವ ಕೆಲಸ ಇಪ್ಪತ್ತು ವರ್ಷದಿಂದ ಸ್ವಾಬ್ರಾ ಅವರದು. ನೈರೋಬಿಯವರು ನಡುಹಗಲಲ್ಲೂ ಸ್ವೆಟರ್ ಕಳಚದ ಜುಲೈ ತಿಂಗಳಲ್ಲಿ ಅವರು ಬಂದು ಕಾರ್ಡು ಒಯ್ದಿದ್ದರು. ಬರಾಸಾ ಅದರ ಬೆನ್ನ ಮೇಲೆ ಸಾವಿರದ ಏಳುನೂರ ಇಪ್ಪತ್ತು ಎಂದು ಬರೆದಿದ್ದ, ಅವನ ಆಯಸ್ಸಿನಲ್ಲೇ ದೊಡ್ಡ ಅಂಕಿ.

ಫೆಬ್ರವರಿಯಲ್ಲಿ ಬಸ್ಸಿನ ಪಾರ್ಸೆಲ್ಲಾಗಿ ಅದು ಹಿಂದಿರುಗಿತು. ವಧುವಿನ ಮುಖದ ತುಂಬ ಚುಕ್ಕಿ ಎಂಬುದು ದೂರು. ಅವನು ಎರಡು ದಿನ ಓಡಿಸಿ ನೋಡಿದ. ಒಂದು ಚುಕ್ಕಿಯೂ ಇಲ್ಲ. ಕಳುಹಿಸಿದ. ವಾರದೊಳಗೆ ಮತ್ತೆ ಬಂತು.

"ಕರಾವಳಿಗೆ ಹೋಗಿ ನಿನ್ನ ಅಂಕಿಗೂ ಮಲೇರಿಯಾ ಹತ್ತಿತೇನೋ, ಬರಾಸಾ?" ಎಂದು ಗಿಚೂಕಿ ಇಡೀ ಮಹಡಿಗೆ ಕೇಳುವಂತೆ ಕೂಗಿದ. ಆ ವಾರ ಇಬ್ಬರು ಗಿರಾಕಿಗಳು ಚಿಪ್ಪು ಓದಿಸಿಕೊಂಡು, ಅಂಕಿ ಬೇಡವೆಂದು ಎದ್ದುಹೋದರು. ಅಷ್ಟರಲ್ಲಿ ಸ್ವಾಬ್ರಾ ಫೋನು ಮಾಡಿದರು.

"ಮದುವೆ ಹುಡುಗಿ ಭಾನುವಾರ ಗಂಡನ ಜೊತೆ ಮಸ್ಕತ್‌ಗೆ ಹೊರಟ್ಲು. ಅಷ್ಟರೊಳಗೆ ಅವಳ ಕೈಲಿ ಚಿತ್ರ ಇಡ್ಬೇಕು. ನಿಮ್ಮೂರಲ್ಲಿ ಸರಿ ಇದ್ರೆ ನಂಗೇನಾಗ್ಬೇಕು? ನಮ್ಮೂರಿಗೆ ಬಂದು ನೋಡು."

ಶುಕ್ರವಾರ ಅವನು ಕಾರ್ಡು ಬಗಲಿಗೆ ಹಾಕಿಕೊಂಡು ರೈಲು ಹತ್ತಿದ. ಮಧ್ಯಾಹ್ನ ಮೊಂಬಾಸಾದಲ್ಲಿ ಇಳಿದಾಗ, ಬೆಳಗಿನ ಚಳಿಗೆ ಹಾಕಿಕೊಂಡ ಸ್ವೆಟರು ಇನ್ನೂ ಮೈಮೇಲಿತ್ತು.

"ಅಯ್ಯೋ, ಅದನ್ನ ತೆಗಿ, ಬೆಂದ್ಹೋಗ್ತೀಯ" ಎಂದು ನಕ್ಕ ಸ್ವಾಬ್ರಾ ಮೊದಲು ಮಹಮ್ರಿ ಎಂಬ ಕರಿದ ಸಿಹಿರೊಟ್ಟಿ ಮತ್ತು ತೆಂಗಿನಹಾಲಿನ ತೊಗರಿಕಾಳು ತಿನ್ನಿಸಿ, ಆಮೇಲೆ ಕೋಣೆಗೆ ಬಿಟ್ಟರು.

ಬೀದಿಯ ಕಡೆ ಒಂದೇ ಕಿಟಕಿ, ತೆರೆದಿತ್ತು. ಅವನು ಕಾರ್ಡು ಕೂರಿಸಿ ತನ್ನ ಪರೀಕ್ಷೆ ಓಡಿಸಿದ. ಗಾಳಿ ಬಿಸಿ ಇದ್ದರೂ ಒಂದು ಗಂಟೆ ಪರದೆ ಶುಭ್ರವಾಗಿತ್ತು. ಅವನ ಮುಖ ಅರಳಿತು.

"ನೋಡಿ ಬೀ ಸ್ವಾಬ್ರಾ, ನಾ ಹೇಳ್ಲಿಲ್ವಾ?"

"ಹೇಳ್ದೆ, ಹೇಳ್ದೆ. ಈಗ ನನ್ನ ಪರೀಕ್ಷೆ. ಗೋಡೆ ಕಡೆ ತಿರುಗಿ ಕೂತ್ಕೋ."

ಅವರು ಕಿಟಕಿ ಮುಚ್ಚಿ ಚಿಲಕ ಹಾಕಿದರು, ಮೇಲೆ ದಪ್ಪ ಪರದೆ ಎಳೆದರು, ಬಾಗಿಲಿಗೂ ಅಗುಳಿ ಜಡಿದರು. ಬರಾಸಾ ಗಾಬರಿಯಾದ.

"ಕಿಟಕಿ ಯಾಕೆ?"

"ಬೀದೀಲಿ ಗಂಡಸ್ರು ಓಡಾಡ್ತಾರಲ್ಲಪ್ಪಾ. ಇಪ್ಪತ್ತು ವರ್ಷದಿಂದ ಹಿಂಗೇ. ನೀನು ಕೇಳಲಿಲ್ಲ, ನಾ ಹೇಳಲಿಲ್ಲ."

ಅದು ನಿಜ. ಜುಲೈನಲ್ಲಿ ಅವನು ಚಿಪ್ಪಿನ ಜಾತಕವನ್ನೆಲ್ಲ ಓದಿದ್ದ. ಅದು ಯಾವ ಊರಿನ, ಎಂಥ ಕೋಣೆಯಲ್ಲಿ ಸಂಸಾರ ಮಾಡುತ್ತದೆಂದು ಕೇಳಿರಲಿಲ್ಲ.

ಗೋಡೆಗೆ ಮುಖಮಾಡಿ ಕೂತವನ ಬೆನ್ನ ಹಿಂದೆ ಡೋಲು, ನಗು, ಹೆಂಗಸರ ಹಾಡು. ಮುಚ್ಚಿದ ಕೋಣೆ ಕಾದು ಬೆವರು ಕಣ್ಣಿಗೆ ಇಳಿಯತೊಡಗಿತು, ಆ ಕಾವಿಗೆ ಕಾರ್ಡಿನ ಮೆಮೊರಿಯೂ ಬೇಯುತ್ತಿರಬೇಕು. ಅರ್ಧ ಗಂಟೆ ಕಳೆದಿರಬೇಕು.

"ಬಂತು" ಎಂದರು ಸ್ವಾಬ್ರಾ. "ಕೆನ್ನೆ ಮೇಲೆ, ಹಸಿರು."

ಯಾವ ಗುಂಡಿ ಒತ್ತಬೇಕೆಂದು ಅವನು ಹೇಳಿದ, ಅವರು ಇಳಿಸಿದರು. ಸಾವಿರದ ಏಳುನೂರು. ಮತ್ತೆ ಚುಕ್ಕಿ. ಆರುನೂರು. ಮತ್ತೆ. ಒಂಬತ್ತು ವರ್ಷ ಬರೀ ತನ್ನ ಕಣ್ಣನ್ನೇ ನಂಬಿದವನು ಈಗ ಗೋಡೆಯ ಸುಣ್ಣ ನೋಡುತ್ತ ಇನ್ನೊಬ್ಬರ ಮಾತಿಗೆ ಕಾಯಬೇಕಾಯಿತು. ಐನೂರ ಮೂವತ್ತಕ್ಕೆ ಬಂದಾಗ ಹಾಡು ಬಹಳ ಹೊತ್ತು ತಡೆಯಿಲ್ಲದೆ ಓಡಿತು.

"ಒಂದೇ ಒಂದು" ಎಂದರು ಅವರು. "ಹಣೆ ಮೇಲೆ. ಬಂದು ಹೋಯ್ತು."

"ಒಂದು ತಾನೆ?" ಬರಾಸಾನ ದನಿ ಬೇಡುವಂತಿತ್ತು. ಕಾರ್ಖಾನೆಯ ಸಾವಿರದ ಐನೂರರ ಮೇಲೆ ಮೂವತ್ತಾದರೂ ಉಳಿದರೆ ಅದು ತನ್ನ ಅಂಕಿ ಎನ್ನಬಹುದಿತ್ತು. "ಯಾರು ನೋಡ್ತಾರೆ, ಅಮ್ಮಾ?"

"ಅವಳ ತಾಯಿ ನೋಡ್ತಾಳೆ, ಇನ್ನೊಂದು ಪ್ರತಿ ಆಕೆಗೆ. ಮಗಳು ಮಸ್ಕತ್‌ನಲ್ಲಿರೋವಷ್ಟು ವರ್ಷವೂ ದಿನಾ ನೋಡ್ತಾಳೆ."

ಅವನು ಮುಖದ ಬೆವರು ಒರೆಸಿಕೊಂಡ. ಆಮೇಲೆ, "ಐನೂರಕ್ಕೆ ಇಳಿಸಿ" ಎಂದ.

ಚಿತ್ರ ಮೊದಲಿಂದ ಕೊನೆಯವರೆಗೆ ಓಡಿತು. ಡೋಲು ನಿಂತಾಗ ಸ್ವಾಬ್ರಾ ಕಿಟಕಿ ತೆರೆದರು. "ಒಂದೂ ಇಲ್ಲ, ಫುಂಡಿ. ಹುಡುಗಿ ಚಂದ ಕಾಣ್ತಾಳೆ."

ಬರಾಸಾ ಕಾರ್ಡು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ, ತನ್ನ ಆಯಸ್ಸಿನ ದೊಡ್ಡ ಅಂಕಿಯನ್ನು ಒರೆಸಿ ಹಾಕಿದ. ರುಜುವೂ ಅಳಿಸಿಹೋಯಿತು. ನೋವಾಯಿತು. ವಾಪಸು ಕೂರಿಸಲು ಹೋದಾಗ ಸ್ವಾಬ್ರಾ ತಡೆದರು.

"ಖಾಲಿ ಬಿಡ್ಬೇಡ. ನೀನು ನೋಡಿದ್ದು ಅಂತ ಗೊತ್ತಾಗೋದು ಹೆಂಗೆ?"

ಅವನು ಬಿಳಿ ಬಣ್ಣದ ಪೆನ್ನು ತೆಗೆದು 'ಮೊಂಬಾಸಾ, ಕಿಟಕಿ ಮುಚ್ಚಿ, 1500' ಎಂದು ಬರೆದು, ಕೆಳಗೆ ರುಜು ಹಾಕಿದ. ಕಾರ್ಖಾನೆಯ ಪುಕ್ಕಲರು ಅದೇ ಅಂಕಿಯನ್ನು ಡಬ್ಬದ ಮೇಲೆ ಮೊದಲೇ ಅಚ್ಚು ಹಾಕಿಸಿದ್ದರು. ಒಂಬತ್ತು ವರ್ಷದಲ್ಲಿ ಅವನು ಆ ಡಬ್ಬದ ಮಾತಿಗೆ ರುಜು ಹಾಕಿದ್ದು ಅದೇ ಮೊದಲು.