ನೀರು ಹೊಕ್ಕ ದಾರಿ

ಅವರ ಬಲಗಿವಿಗೆ ಸದಾ ಗ್ರೀಸು ಮೆತ್ತಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಅವರು ಒಳಗಿನ ಸದ್ದು ಕೇಳುತ್ತಿದ್ದರು. ಆಗ ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಹೆದ್ದಾರಿಯಲ್ಲಿ ಹಾರ್ನ್ ಹಾಕಿದ ಲಾರಿಗೂ ಬೈಗುಳ ಬೀಳುತ್ತಿತ್ತು.

ಹೊನ್ನಾವರದಲ್ಲಿ ಕಾರುಗಳ ವಯರಿಂಗ್ ಕೆಲಸ ಮಾಡುತ್ತಿದ್ದ ಅವರನ್ನು ನಾನು ಮೇಸ್ತ್ರಿ ಎನ್ನುತ್ತಿದ್ದೆ. ಅವರಿಗೆ ನಾನು ‘ಪೇಪರಿನವ್ರು’. ಕುಮಟಾದಿಂದ ಭಟ್ಕಳದವರೆಗೆ ಸುದ್ದಿಗಾಗಿ ಓಡಾಡುವ ನನಗೆ ಮಳೆಗಾಲದಲ್ಲಿ ವೈಪರ್ ಇಲ್ಲದಿದ್ದರೆ ಕೆಲಸವೇ ಇಲ್ಲ. ಒಂದು ಜೂನ್‌ನಲ್ಲಿ ಅದು ನಿಂತಿತು. ಹೊಸ ಮೋಟರ್ ಹಾಕಿಸಿದೆ. ವಾರದೊಳಗೆ ಅದೂ ನಿಂತಿತು.

ಮೇಸ್ತ್ರಿ ತಮ್ಮ ಶೆಡ್ಡಿನಲ್ಲಿ ಕಾರು ನಿಲ್ಲಿಸಿಕೊಂಡರು. ಬಾನೆಟ್ ತೆರೆಯಲಿಲ್ಲ. ಒಂದು ಕೊಡ ನೀರು ತಂದು ಗಾಜಿನ ಮೇಲೆ ಸುರಿದು, ಬಗ್ಗಿ ಕಾರಿನ ಅಡಿ ನೋಡಿದರು. ನೆಲ ಒಣಗಿಯೇ ಇತ್ತು.

“ಸುರ್ದ ನೀರು ಎಲ್ಲಿ ಹೋಯ್ತು ಪೇಪರಿನವ್ರೆ?”

ಗಾಜಿನ ಬುಡದ ಪ್ಲಾಸ್ಟಿಕ್ ಜಾಲರಿ ಬಿಚ್ಚಿದರು. ನೀರು ಹರಿದುಹೋಗಬೇಕಾದ ತೂತು ಕಟ್ಟಿಕೊಂಡು ಅಲ್ಲೊಂದು ಪುಟ್ಟ ಕೆರೆಯೇ ಆಗಿತ್ತು. ಮೋಟರ್ ಅರ್ಧ ಮುಳುಗಿತ್ತು, ವಯರಿನ ಕೊಂಡಿಗೆ ಹಸಿರು ಕಿಲುಬು ಹಿಡಿದಿತ್ತು. ತೂತನ್ನು ಬೆರಳಿನಿಂದ ಕೆದಕಿದಾಗ ಬಂದದ್ದು ಒಂದು ಮುಷ್ಟಿ ಕಪ್ಪಾದ ರಂಜಲ ಹೂ, ಪುಸ್ತಕದ ಮಾತಿನಲ್ಲಿ ಬಕುಲ. ನಮ್ಮ ಅಂಗಳದ ರಂಜಲ ಮರದಡಿಯೇ ಕಾರು ನಿಲ್ಲುತ್ತಿತ್ತು. ಉದುರಿದ ಹೂ ದೇವರಿಗೆ ಆಗಬೇಕೆಂದು ಅಮ್ಮ ಅಲ್ಲಿ ಪೊರಕೆ ಆಡಿಸಲು ಬಿಡುತ್ತಿರಲಿಲ್ಲ, ಕಾರಿನ ಮೇಲೂ.

ಮೇಸ್ತ್ರಿ ಮೂಸಿ ನೋಡಿದರು. “ಇನ್ನೂ ಘಮ ಹೋಗ್ಲಿಲ್ಲ. ಅಮ್ಮಂಗೆ ಹೇಳಿ, ದೇವ್ರಿಗಿಂತ ಮೊದ್ಲು ಮೋಟರಿಗೇ ಪೂಜೆ ಆಯ್ತು ಅಂತ.”

ಕಿಲುಬು ಉಜ್ಜಿ, ಮೋಟರ್ ಬಿಚ್ಚಿ ಒಣಗಿಸಿ ಕೂರಿಸಿದರು. ಯಾವ ಗಾಡಿ ಬಂದರೂ ಅವರ ಮಾತು ಒಂದೇ: “ನೀರು ಹೊಕ್ಕ ದಾರಿ ಮೊದ್ಲು. ರಿಪೇರಿ ಆಮೇಲೆ.”

ಕಳೆದ ಮಳೆಗಾಲದಲ್ಲಿ ಅವರ ಪಾದ ಊದಿಕೊಂಡದ್ದನ್ನು ಕಂಡೆ. ಚಪ್ಪಲಿಯ ಪಟ್ಟಿ ಕತ್ತರಿಸಿಕೊಂಡಿದ್ದರು. ಕೇಳಿದರೆ, “ನಿಂತು ನಿಂತು ನೀರು ಇಳ್ದದೆ. ಹಿಮ್ಮಡಿಗೊಂದು ತೂತು ಇಟ್ಟಿದ್ರೆ ದೇವ್ರ ಗಂಟು ಎಂತ ಹೋಗ್ತಿತ್ತು?” ಎಂದರು.

ಚಹಾ ತಂದ ಅವರ ಹೆಂಡತಿ, “ಇವ್ರು ಮಲಗುದೇ ಇಲ್ಲ. ಗೋಡೆಗೆ ಒರಗಿ ಕೂತೇ ಬೆಳಗು ಮಾಡ್ತ್ರು,” ಎಂದರು.

“ನೀ ಸುಮ್ನಿರೆ, ಪೇಪರಲ್ಲಿ ಹಾಕಿಬಿಡ್ತ್ರು.”

ಒಂದು ಮಧ್ಯಾಹ್ನ ಅವರಿಗೆ ಉಸಿರು ಸಿಗದಾಯಿತು. ಊರಿನ ವೈದ್ಯರು ಇಂಜೆಕ್ಷನ್ ಕೊಟ್ಟು, ಶ್ವಾಸಕೋಶದಲ್ಲಿ ನೀರು ತುಂಬಿದೆ, ಕೂಡಲೇ ಉಡುಪಿ ಕಡೆಗೆ ಒಯ್ಯಿರಿ ಎಂದರು.

“ನೀರು ಎಲ್ಲಿಂದ ಹೊಕ್ತು ಡಾಕ್ಟ್ರೆ?” ಮೇಸ್ತ್ರಿ ಏದುಸಿರಿನಲ್ಲೇ ಕೇಳಿದರು.

“ಹೃದಯ ಸೋತಿದೆ ಮಾರಾಯ್ರೆ. ಇವತ್ತು ನಿನ್ನೆಯದಲ್ಲ.”

ಮೇಸ್ತ್ರಿ ಬಗ್ಗಿ ತಮ್ಮ ಊದಿದ ಪಾದ ನೋಡಿಕೊಂಡರು.

ಆಂಬ್ಯುಲೆನ್ಸ್ ಬೇರೆ ರೋಗಿಯನ್ನು ಕರೆದೊಯ್ದಿತ್ತು. ಕಾಯದೆ ನನ್ನ ಕಾರಿನಲ್ಲೇ ಹೊರಟೆವು. ಹಿಂದಿನ ಸೀಟಿನಲ್ಲಿ ಅವರು ಹೆಂಡತಿಯ ಹೆಗಲಿಗೆ ಒರಗಿ ಕೂತಿದ್ದರು. ಮಂಕಿ ಊರು ದಾಟುವಾಗ ರಸ್ತೆಯೇ ಕಾಣದಂಥ ಮಳೆ. ವೈಪರ್ ಒಮ್ಮೆಯೂ ತಡವರಿಸಲಿಲ್ಲ.

“ಎಡಗಡೆ ಬ್ಲೇಡು ಗೀಚ್ತದೆ,” ಮೇಸ್ತ್ರಿಯ ಧ್ವನಿ ಬಂತು. “ಬದಲ್ಸಿ. ಗಾಜು ಹಾಳಾಗ್ತದೆ.”

“ಆತು. ವಾಪಸ್ ಬಂದು ನೀವೇ ಬದಲ್ಸಿ.”

ಭಟ್ಕಳ ಸಮೀಪಿಸುವಾಗ ಅವರ ಹೆಂಡತಿ, “ಇನ್ನು ಮೆಲ್ಲಗೆ ಹೋಗಿ,” ಎಂದರು.

ಭಟ್ಕಳದ ಆಸ್ಪತ್ರೆಯಲ್ಲಿ ಸಾವನ್ನು ಖಚಿತಪಡಿಸಿದರು. ಅದೇ ಸೀಟಿನಲ್ಲಿ, ಹೆಂಡತಿಯ ಮಡಿಲಲ್ಲಿ ತಲೆಯಿಟ್ಟು ಅವರನ್ನು ಮಲಗಿಸಿಕೊಂಡು ಹಿಂದಿರುಗಿದೆವು. ಮಂಕಿಯ ಹೊತ್ತಿಗೆ ಮಳೆ ನಿಂತಿತು. ಒಣಗಿದ ಗಾಜಿನ ಮೇಲೆ ಬ್ಲೇಡು ಕಿರುಗುಟ್ಟತೊಡಗಿತು. ನನ್ನ ಕೈ ಸ್ವಿಚ್ಚಿಗೆ ಹೋಯಿತು.

“ನಿಲ್ಸಬೇಡಿ,” ಎಂದರು ಅವರ ಹೆಂಡತಿ. “ಅವ್ರಿಗೆ ಕೇಳ್ಲಿ.”

ಶರಾವತಿ ಸೇತುವೆ ದಾಟಿ, ಮುಚ್ಚಿದ ಅಂಗಡಿಯ ಮುಂದೆ ಹಾದು, ಅವರ ಮನೆಬಾಗಿಲಿನವರೆಗೂ ನಾನು ವೈಪರ್ ನಿಲ್ಲಿಸಲಿಲ್ಲ.

ಬ್ಲೇಡನ್ನು ಆಮೇಲೆ ಬದಲಿಸಿದೆ. ಗಾಜಿನ ಎಡಭಾಗದಲ್ಲಿ ಬಿಲ್ಲಿನಂತೆ ಬಾಗಿದ ಒಂದು ಗೀರು ಉಳಿದಿದೆ. ಮಳೆಯಲ್ಲಿ ಅದು ಕಾಣುವುದಿಲ್ಲ. ಬಿಸಿಲು ಬಂದಾಗ ಕಾಣುತ್ತದೆ.