ಐದು ಸಾಲು, ಒಂದೇ ಪುಟ

ಶೈಲು, ನಿನಗೆ ನೋಡಿದ್ದ ಮಹಾಂತೇಶನ ಮೇಲೆ ಬಂದ ಆ ಅಪವಾದ ಸುಳ್ಳೆಂದು ನನಗೆ ಅವತ್ತೇ ಗೊತ್ತಿತ್ತು. ನಿನ್ನಪ್ಪ ಮುದ್ದೇಬಿಹಾಳಕ್ಕೆ ಫೋನ್ ಮಾಡಿ ಸಂಬಂಧ ಮುರಿಯುವ ಮೊದಲೇ — ಒಂದೆರಡು ಉಸಿರು ಮೊದಲು — ಗೊತ್ತಾಯಿತು. ನಾನು ಸುಮ್ಮನಿದ್ದೆ.

ಇದನ್ನು ಎಷ್ಟೋ ಸಲ ಡೈರಿಯಲ್ಲಿ ಬರೆದಿದ್ದೇನೆ. ಪ್ರತಿ ಸಲವೂ ನೆನಪು ನನ್ನ ಪರವಾಗಿ ಒಂದಿಷ್ಟು ತಿದ್ದಿಕೊಂಡಿದೆ. ಒಮ್ಮೆ ಗಡಿಬಿಡಿ ಎಂದು, ಒಮ್ಮೆ ಕಣ್ತಪ್ಪು ಎಂದು. ಈ ಸಲ ತಿದ್ದಲು ಬಿಡುವುದಿಲ್ಲ.

ನೀನೂ ನಿನ್ನಪ್ಪನೂ, ಅಂದರೆ ನನ್ನ ಕಾಕಾ, ಸಿಂದಗಿಯಿಂದ ಇಂಡಿಗೆ, ನಮ್ಮ ಮನೆಗೆ ಬಂದಿದ್ದಿರಿ. ಮರುದಿನ ಮಾತುಕತೆ ಮುಗಿಸಲು ಎಲ್ಲರೂ ಮುದ್ದೇಬಿಹಾಳಕ್ಕೆ ಹೋಗುವುದಿತ್ತು. "ಎತ್ತು ತರಾಕ ಹೊರ್ತಿ ದನದ ಜಾತ್ರಿಗೆ ಹೋದ್ರೂ ನಾಕು ಮಂದಿನ್ನ ಕೇಳ್ತೇವಿ, ಅಳಿಯನ್ನ ಹಂಗ ತರೂದೇನು?" ಎಂದರು ಕಾಕಾ. ಆಮೇಲೆ ನನ್ನ ಕಡೆ ತಿರುಗಿ, "ಲೇ ತಮ್ಮಾ, ಯುನಿವರ್ಸಿಟಿ ಕಲ್ತು ಮನ್ಯಾಗ ಕುಂತಿ. ಆ ಡಬ್ಬಿಯೊಳಗ ಹುಡುಗನ ಹೆಸರು ಹಾಕಿ ನೋಡು. ನಿನ್ನ ಕಲಿಕಿ ಇಷ್ಟಕ್ಕಾರ ಬರ್ಲಿ."

ನನ್ನ ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶವಿತ್ತು. ಒಮ್ಮೆ ಹೆಸರು ಬರೆದರೆ ಐದು ಸರ್ಚ್ ಎಂಜಿನ್‌ಗಳನ್ನು ಒಟ್ಟಿಗೇ ಕೇಳಿ, ಎಲ್ಲದರ ಉತ್ತರವನ್ನು ಒಂದೆಡೆ ತಂದಿಡುತ್ತಿತ್ತು. ಐದೂ ಒಂದೇ ಪುಟವನ್ನು ತೋರಿಸಿದರೆ ಅದನ್ನು ಒಂದೇ ಸಾಲಾಗಿ ಕೂಡಿಸುತ್ತಿತ್ತು. ಹುಡುಗನ ಹೆಸರು, ಜಿಲ್ಲೆಯ ಅರ್ಧ ಮಂದಿಗಿರುವ ಅವನ ಅಡ್ಡಹೆಸರು, ಊರು — ಮೂರನ್ನೂ ಹಾಕಿದೆ. ಬಂದದ್ದು ಒಂದೇ ಸಾಲು. ಜನ ತಮ್ಮ ದೂರು ಬರೆದು ಹಾಕುವ ಒಂದು ಜಾಲತಾಣದ ಪುಟ: ಅದೇ ಹೆಸರಿನವನೊಬ್ಬ ಮೊದಲ ಮದುವೆ ಮುಚ್ಚಿಟ್ಟು ಇನ್ನೊಂದಾದನೆಂದು.

"ಒಂದ ಐತಿ?" ಎಂದರು ಕಾಕಾ. "ಇಷ್ಟಕ್ಕ ಇಷ್ಟು ದೊಡ್ಡ ಮಷಿನ್ ಬೇಕೇನು?" ಎಂದು ನಕ್ಕರು.

ಆ ನಗು — ಅದು ತಾಗಿತು. ಸಾಲು ಕೂಡಿಸುವ ಆಯ್ಕೆಯ ಮೇಲಿದ್ದ ಗುರುತನ್ನು ತೆಗೆದೆ. ಮೊದಲೇ ಹಾಗಿತ್ತೇನೋ ಎಂದು ಬರೆಯಲು ಈಗಲೂ ಕೈ ಹವಣಿಸುತ್ತದೆ. ಇಲ್ಲ, ನಾನೇ ತೆಗೆದೆ. ಒಂದು ಸಾಲು ಐದಾಯಿತು. ಕಾಕಾ ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದರು. "ಐದೂ ಕಡೆ ಬಂದೈತಿ. ಐದು ಮಂದಿ ಪಂಚರು ಕುಂತು ಹೇಳಿದಂಗಾತು." ನನ್ನ ಭುಜದ ಮೇಲೆ ಕೈಯಿಟ್ಟರು. ಮೊದಲ ಸಲ.

ಆ ಕೈ ತೆಗೆಯದೆಯೇ ಮುದ್ದೇಬಿಹಾಳಕ್ಕೆ ಫೋನ್ ಹಚ್ಚಿದರು. ನೀನು ಬಾಗಿಲಲ್ಲಿ ನಿಂತಿದ್ದೆ. ಅವನು ನಿನ್ನ ಮನಸ್ಸಿಗೆ ಬಂದಿದ್ದ — ಅದು ಇಡೀ ಮನೆಗೆ ಗೊತ್ತಿತ್ತು. ನೀನು ಮೆಲ್ಲಗೆ ಕೇಳಿದೆ: "ಅಣ್ಣಾ, ಒಳಗ ಪೂರ್ತಿ ಓದಿದೇನು?"

"ಓದೇನಿ" ಅಂದೆ.

ಓದಿರಲಿಲ್ಲ. ಹಾಗೆ ಅಂದಾದ ಮೇಲೆ ಪುಟ ತೆರೆದೆ. ಆ ದೂರಿನ ಮಹಾಂತೇಶ ಎಲ್ಲಿಯದೋ ದೂರದ ಊರಿನವ, ಮೊಮ್ಮಕ್ಕಳಿದ್ದವ. ಮುದ್ದೇಬಿಹಾಳದ ಹೆಸರಿದ್ದದ್ದು ಅದರ ಕೆಳಗೆ, ಯಾರೋ ಬಸ್ಸು ತಡವಾಯಿತೆಂದು ಬರೆದ ಬೇರೊಂದು ದೂರಿನಲ್ಲಿ. ಎರಡೂ ಒಂದೇ ಪುಟದಲ್ಲಿದ್ದವು, ಅಷ್ಟೇ. ಆ ಕಡೆ ಇನ್ನೂ ರಿಂಗಾಗುತ್ತಿತ್ತು, ನನಗೆ ಕೇಳುತ್ತಿತ್ತು. ಕಾಕಾ, ತಡೀರಿ — ಅಷ್ಟೇ ಅನ್ನಬೇಕಿತ್ತು. ನಾಲಿಗೆಯ ಮೇಲೇ ಇತ್ತು. ಭುಜದ ಮೇಲಿನ ಕೈ ಬೆಚ್ಚಗಿತ್ತು — ಆ ಕಡೆಯಿಂದ ಯಾರೋ ಖುಷಿಯಿಂದ "ಹಲೋ, ಹೇಳ್ರಿ ಬೀಗರ" ಅಂದರು. ನಾನು ಪುಟ ಮುಚ್ಚಿದೆ.

ನೀನು ಬಸವನ ಬಾಗೇವಾಡಿಗೆ ಸೊಸೆಯಾಗಿ ಹೋದೆ. ಸುಖವಾಗಿದ್ದೀ ಎನ್ನುತ್ತಾರೆ. ಅದನ್ನು ಮುಂದೆ ಹಿಡಿದು ನನ್ನ ತಪ್ಪನ್ನು ಸಣ್ಣದು ಮಾಡಿಕೊಳ್ಳಲಾರೆ. "ಐದು ಕಡೆ ಬಂದೈತಿ" ಎಂಬ ಮಾತು ಮಹಾಂತೇಶನಿಗಿಂತ ಮೊದಲೇ ಊರೂರಿಗೆ ತಲುಪಿತು. ಅವನಿಗೆ ಬಂದ ನಿಡಗುಂದಿಯ ಸಂಬಂಧ, ಕೊಲ್ಹಾರದ ಸಂಬಂಧ — ಯಾವುದೂ ಕೂಡಿ ಬರಲಿಲ್ಲ. ಅವನು ಇನ್ನೂ ಒಬ್ಬನೇ ಇದ್ದಾನೆ. ಏನು ಬಂದಿದೆ, ಎಲ್ಲಿ ಬಂದಿದೆ ಎಂದು ಅವನಿಗೆ ಇವತ್ತಿಗೂ ಯಾರೂ ಬಿಡಿಸಿ ಹೇಳಿಲ್ಲ.

ಈಗ ನಿನ್ನ ತಂಗಿಗೆ ಸಂಬಂಧ ಬಂದಿದೆ. ನಿನ್ನೆ ಕಾಕಾ ಫೋನ್ ಮಾಡಿ, "ಆವಾಗ ನೀ ಇದ್ದಿ, ನಮ್ಮ ಮನಿ ಮರ್ಯಾದಿ ಉಳೀತು. ಈ ಹುಡುಗನ್ನೂ ಐದು ಕಡೆ ನೋಡಿಕೊಡಪಾ" ಎಂದರು. ಬರುತ್ತೇನೆ ಎಂದಿದ್ದೇನೆ. ನೀನೂ ತವರಿಗೆ ಬರುತ್ತೀಯಂತೆ. ಸಿಂದಗಿಯಲ್ಲಿ ಎಲ್ಲರ ಎದುರು ಈ ಬರಹವನ್ನೇ ಓದುತ್ತೇನೆ. ಅಲ್ಲಿಂದ ಮುದ್ದೇಬಿಹಾಳಕ್ಕೆ, ಮಹಾಂತೇಶನ ಮನೆಗೆ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ.

ಅದಕ್ಕೂ ಮೊದಲು ನಿನಗೆ — ಶೈಲು, ನೀನು ಕೇಳಿದಾಗ ನಾನು ಓದಿರಲಿಲ್ಲ. ಓದಿದ ಮೇಲೆ ಬಾಯಿ ಬಿಡಲಿಲ್ಲ.