ಉಸಿರಿಗೆ ಕತ್ತರಿ ಬೇಡ

ಸ್ಟುಡಿಯೋದ ಬಾಗಿಲಲ್ಲಿ ಚಪ್ಪಲಿ ಬಿಡಬೇಕೆಂಬುದು ನನಗೆ ಗೊತ್ತಿತ್ತು. ಬಳೆಯನ್ನೂ ಬಿಡಬೇಕೆಂಬುದು ಗೊತ್ತಿರಲಿಲ್ಲ. ಮಣ್ಣಗುಡ್ಡದ ಆ ಮಹಡಿಕೋಣೆಯಲ್ಲಿ ಧ್ವನಿಮುದ್ರಣ ನೋಡಿಕೊಳ್ಳುವ ನಿಖಿಲ್, "ವಾರಿಜಕ್ಕ, ಕೈಯದ್ದು ಸ್ವಲ್ಪ ತೆಗೀತೀರಾ? ಮೈಕಿನಲ್ಲಿ ಎಲ್ಲ ಕೇಳ್ತದೆ" ಎಂದಾಗ, ಗಂಡ ಗುಂಡುಕಲ್ಲಿನಂತೆ ದೇರೆಬೈಲಿನ ಅಂಗಡಿಯಲ್ಲಿ ಕೂತಿರುವಾಗ ನಾನೇಕೆ ಬಳೆ ತೆಗೆಯಲಿ ಎಂದು ಸಿಟ್ಟೇ ಬಂತು. ಆದರೂ ತೆಗೆದೆ. ಹಸಿರು ಗಾಜಿನ ಬಳೆಗಳನ್ನು ಕರವಸ್ತ್ರದಲ್ಲಿ ಸುತ್ತುತ್ತಿದ್ದಾಗ ನೆನಪಾಯಿತು, ರಂಗದ ಮೇಲಿನ ನನ್ನ ಹಾಡಿನಲ್ಲಿ ಈ ಬಳೆಯ ಸದ್ದೂ ಇತ್ತು, ಸೀರೆಯ ಸರಬರವೂ ಇತ್ತು, ಮುಂದಿನ ಸಾಲಿನ ಕೂಸಿನ ಅಳುವೂ ಇತ್ತು. ಅವನ್ನು ಹೊರಗೆ ನಿಲ್ಲಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

ಸಂಗೀತ ನಾಟಕದವಳು ನಾನು. ಮೇಲಿನಿಂದ ಇಳಿಬಿಟ್ಟ ಮೈಕಿಗೆ ಮುಖವೆತ್ತಿ, ಸುರತ್ಕಲ್ಲಿನ ಮೈದಾನದ ಕಟ್ಟಕಡೆಯ ಕುರ್ಚಿಯಲ್ಲಿ ನೆಲಗಡಲೆ ಮೆಲ್ಲುವವನ ಕೈ ಬಾಯಿಗೆ ಹೋಗುವುದನ್ನು ಮರೆಯುವಂತೆ ಹಾಡಿ ಬದುಕಿದವಳು. ಅಳು ಉಕ್ಕಿದರೆ ಸಾಲನ್ನು ಎಳೆಯುತ್ತಿದ್ದೆ, ರೋಷ ಬಂದರೆ ತುಂಡರಿಸುತ್ತಿದ್ದೆ, ಹಾರ್ಮೋನಿಯಂನವರು ನನ್ನ ಮುಖ ನೋಡಿಕೊಂಡು ತಾಳ್ಮೆಯಿಂದ ಹಿಂಬಾಲಿಸುತ್ತಿದ್ದರು. ಅವರ ಕೈ ಸೋತ ಮೇಲೆ ತಂಡದ ಯಜಮಾನರು ಆ ಜಾಗಕ್ಕೆ ಬೇರೆ ಮನುಷ್ಯನನ್ನು ಕರೆಯಲಿಲ್ಲ, ಲ್ಯಾಪ್‌ಟಾಪ್ ತಂದಿಟ್ಟರು. ನನ್ನ ಪಾತ್ರದ ಹಾಡುಗಳನ್ನೆಲ್ಲ ಎಳೆಯ ಗಂಟಲಿನ ಯಾವುದೋ ಹುಡುಗಿಯಿಂದ ಹಾಡಿಸಿ ಅದರೊಳಗೆ ತುಂಬಿಸಿದ್ದರು. "ನೀವು ಸುಮ್ಮನೆ ಬಾಯಿ ಆಡಿಸಿದ್ರೆ ಸಾಕು. ನಿಮ್ಮ ಗಂಟಲಿಗೂ ರೆಸ್ಟ್" ಎಂದರು, ಉಪಕಾರ ಮಾಡುವವರ ದನಿಯಲ್ಲಿ.

ಒಂದು ನಾಟಕಕ್ಕೆ ಬಾಯಿ ಆಡಿಸಿದೆ. ಜನ ಚಪ್ಪಾಳೆ ತಟ್ಟಿದರು, ನಾನು ಕೈಮುಗಿದೆ. ನಿಮ್ಮ ಮನೆಯ ಅಡುಗೆಯನ್ನು ಬೇರೆಯವರು ಮಾಡಿ, ನೀವು ಬಡಿಸಿ, ಹೊಗಳಿಕೆಯನ್ನು ತಲೆಬಾಗಿ ಕೇಳಿಕೊಂಡ ಹಾಗೆ ಅದು. ನನಗೆ ಮೈಯೆಲ್ಲ ಉರಿಯಿತು. ಹಾಡು ಪೆಟ್ಟಿಗೆಯಿಂದಲೇ ಬರುವುದಾದರೆ ಆ ಪೆಟ್ಟಿಗೆಯೊಳಗೆ ನನ್ನ ಗಂಟಲೇ ಏಕಿರಬಾರದು ಎಂದುಕೊಂಡು ತಂಡ ಬಿಟ್ಟೆ. ಮದುವೆಯ ಮುನ್ನಾದಿನದ ಮೆಹಂದಿಯ ಸಂಜೆಗಳಲ್ಲಿ ಡಿಜೆ ಹಾಕುವ ತುಳು ಕುಣಿತದ ಹಾಡೊಂದಕ್ಕೆ ಜೋರು ದನಿಯ ಹೆಂಗಸು ಬೇಕಾಗಿದ್ದಾಳೆಂದು ಕೇಳಿ, ಯಾರ ಶಿಫಾರಸೂ ಇಲ್ಲದೆ ಮಣ್ಣಗುಡ್ಡದ ಮೆಟ್ಟಿಲು ಹತ್ತಿದೆ.

ಸುದ್ದಿ ತಿಳಿದ ಯಜಮಾನರು ಫೋನ್ ಮಾಡಿದರು. "ಎಂತ ವಾರಿಜ, ಡಿಜೆಗೆ ಪದ ಹೇಳ್ಲಿಕ್ಕೆ ಹೋಗುದಾ? ನಾಟಕದವರಿಗೆ ಅಂತ ಒಂದು ಮರ್ಯಾದೆ ಉಂಟಲ್ಲ ಮಾರಾಯ್ತಿ."

"ಆ ಮರ್ಯಾದೆಯನ್ನು ಲ್ಯಾಪ್‌ಟಾಪಿನ ಒಳಗೆ ಹಾಕಿದ್ದು ಯಾರು ಯಜಮಾನ್ರೇ?" ಎಂದು ಫೋನ್ ಇಟ್ಟೆ.

ನಿಜಕ್ಕೂ ಈ ಲೋಕದ ನ್ಯಾಯ ನನಗೆ ಅರ್ಥವಾಗುವುದಿಲ್ಲ. ಕಣ್ಣೀರು ತರಿಸುವ ಹಾಡಿಗೆ ಮಣೆ ಹಾಕಿ ಕೂರಿಸುತ್ತೇವೆ, ಕಾಲು ಎತ್ತಿಸುವ ಹಾಡನ್ನು ಅಂಗಳದಲ್ಲೇ ನಿಲ್ಲಿಸುತ್ತೇವೆ. ದುಡಿದು ದಣಿದ ಸೊಂಟವನ್ನು ಕ್ಷಣಹೊತ್ತು ಹಗುರ ಮಾಡುವುದು ಕೀಳು ಕೆಲಸವೆಂದು ತೀರ್ಮಾನಿಸಿದವರು ಬಹುಶಃ ಕೂತು ಉಂಡವರೇ ಇರಬೇಕು. ನಾನಂತೂ ಆ ತೀರ್ಮಾನಕ್ಕೆ ರುಜು ಹಾಕಿದವಳಲ್ಲ.

ಹಾಗೆಂದು ಸ್ಟುಡಿಯೋ ಸುಲಭದ್ದಾಗಿತ್ತು ಎಂದುಕೊಳ್ಳಬೇಡಿ. ಹೆಡ್‌ಫೋನಿನಿಂದ ಕಿವಿಯೊಳಗೆ ಒಂದೇ ಸಮನೆ ಟಕ್ ಟಕ್ ಎನ್ನುವ ಲಯ ಯಾರ ಅಳುವಿಗೂ ಕಾಯುವುದಿಲ್ಲ, ಮೈಕು ಮೂಗಿನ ಎದುರಿಗೇ ಇದ್ದರೂ ನನ್ನ ಮುಖ ಹಳೆಯ ಅಭ್ಯಾಸಕ್ಕೆ ಮೇಲಕ್ಕೇ ಏಳುತ್ತಿತ್ತು. ಕಲಿತೆ. ಕೊನೆಗೂ ಸಿದ್ಧವಾದ ಹಾಡನ್ನು ಕೇಳಲು ಹೋದಾಗ ದನಿ ನನ್ನದೇ, ಆದರೆ ಏನೋ ಕಸಿವಿಸಿ. ಎರಡನೆಯ ಸಲ ಕೇಳಿದಾಗ ಹೊಳೆಯಿತು. ಹಾಡುವವಳು ಎಲ್ಲಿಯೂ ಉಸಿರೇ ತೆಗೆದುಕೊಳ್ಳುತ್ತಿರಲಿಲ್ಲ.

ನಿಖಿಲನ ಮನೆಮಾತು ಕೊಂಕಣಿ, ನನ್ನದು ತುಳು. ಜಗಳಕ್ಕೆ ಇಬ್ಬರಿಗೂ ಕನ್ನಡವೇ ಅನುಕೂಲ.

"ನನ್ನ ಉಸಿರು ಎಲ್ಲಿ ಮಾರಾಯ?"

"ಕಟ್ ಮಾಡಿದ್ದೇನೆ ಅಕ್ಕ. ಈಗ ಕ್ಲೀನ್ ಉಂಟಲ್ಲ? ಅದಿದ್ರೆ ಸ್ವಲ್ಪ ಪ್ರಾಯ ಗೊತ್ತಾಗ್ತದೆ."

"ಪ್ರಾಯ ಆಗಿದೆ, ಗೊತ್ತಾಗ್ಲಿ. ಉಸಿರು ವಾಪಸ್ ಹಾಕು."

"ಹಾಡು ಮಾಡಿಸಿದವರು ಒಪ್ಪುದಿಲ್ಲ ಅಕ್ಕ. ಬೇರೆಯವರನ್ನು ಕರೀತಾರೆ."

"ಕರೀಲಿ. ಆಗ ನನ್ನ ದನಿ ಪೂರ್ತಿ ತೆಗಿ. ಉಸಿರಿಲ್ಲದ ವಾರಿಜಳನ್ನು ನಾನು ಹೊರಗೆ ಕಳಿಸುದಿಲ್ಲ."

ಹೇಳಿಯೇನೋ ಬಿಟ್ಟೆ. ತಂಡ ಕೈಬಿಟ್ಟು ಹೋಗಿತ್ತು, ಇದೂ ಹೋದರೆ ಮುಂದೆ ನನ್ನ ಹಾಡು ಅಡುಗೆಮನೆಯ ಪಾತ್ರೆಗಳಿಗೆ ಮಾತ್ರ. ತಂಡದಲ್ಲಿ ಬಾಯಿ ಇತ್ತು, ದನಿ ಇರಲಿಲ್ಲ. ಇಲ್ಲಿ ದನಿ ಇತ್ತು, ಪ್ರಾಣ ಇರಲಿಲ್ಲ. ಅರ್ಧರ್ಧ ಬದುಕಿ ನನಗೆ ಸಾಕಾಗಿತ್ತು. ನಿಖಿಲ್ ಕಂಪ್ಯೂಟರಿನತ್ತ ತಿರುಗಿ, ಪಲ್ಲವಿಗೆ ಮುಂಚೆ ವಾದ್ಯಗಳೆಲ್ಲ ಒಮ್ಮೆಲೇ ನಿಲ್ಲುವ ಜಾಗದಲ್ಲಿ ನನ್ನ ದೊಡ್ಡ ಉಸಿರೊಂದನ್ನು ಮರಳಿ ಇಟ್ಟು ಕೇಳಿದ. ಮತ್ತೊಮ್ಮೆ ಕೇಳಿದ. ಆಮೇಲೆ ಉಳಿದವನ್ನೂ ಒಂದೊಂದಾಗಿ ತಂದು ಜೋಡಿಸತೊಡಗಿದ. "ಇರ್ಲಿ ಅಕ್ಕ, ಅವರಿಗೆ ನಾನೇ ಹೇಳ್ತೇನೆ" ಎಂದ.

ಮೊನ್ನೆ ನೆರೆಮನೆಯ ಹುಡುಗಿಯ ಮೆಹಂದಿಗೆ ಹೋಗಿದ್ದೆ. ಸಂಜೆ ಡಿಜೆ ಅದೇ ಹಾಡನ್ನು ಹಾಕಿದ. ವಾದ್ಯ ಗಕ್ಕನೆ ನಿಂತಿತು, ನಾನು ಉಸಿರೆಳೆದುಕೊಂಡದ್ದು ಸಭಾಂಗಣದ ತುಂಬ ಕೇಳಿತು. ಅದರ ಜೊತೆಗೇ ಕುಣಿಯುತ್ತಿದ್ದವರೆಲ್ಲ ಉಸಿರೆಳೆದು ಒಂದು ಗಳಿಗೆ ಸ್ತಬ್ಧರಾದರು, ಡೋಲಿನ ಪೆಟ್ಟು ಬಿದ್ದದ್ದೇ ತಡ, ಒಟ್ಟಿಗೇ ಹಾರಿದರು. ಪಕ್ಕದಲ್ಲಿ ಗೋಳಿಬಜೆ ತಿನ್ನುತ್ತಿದ್ದ ಹಿರಿಯ ಹೆಂಗಸು ನನ್ನತ್ತ ಬಾಗಿ, "ಯಾರು ಮಾರಾಯ್ರೆ ಇದು, ಉಸಿರು ಸಹ ಕೇಳುವ ಹಾಗೆ ಹಾಡುದು?" ಎಂದು ಕೇಳಿದರು.

"ನಾನೇ" ಎಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಣಿಯುವವರ ನಡುವೆ ನುಗ್ಗಿದೆ.